ಗ್ಲೂಕೋಸ್ ಬಾಟ್ಲಿಗಿಂತ ಮೊದ್ಲು ಒಂದು ಇಂಜೆಕ್ಷನ್

ಜೂನ್ ಒಂದನೇ ತಾರೀಕು ಬಂತು ಅಂದ್ರೆ ಕಾರವಾರದ ಬೈತಖೋಲ್ ಬಂದರಲ್ಲಿ ಬೋಟುಗಳೆಲ್ಲ ಒಂದಕ್ಕೊಂದು ಹಗ್ಗ ಕಟ್ಕೊಂಡು ನಿಂತುಬಿಡ್ತಾವೆ. ಈಗಿನ ಲೆಕ್ಕದಲ್ಲಿ ಜುಲೈ 31ರ ತನಕ, 61 ದಿನ ಯಾಂತ್ರಿಕ ಬೋಟುಗಳ ಮೀನುಗಾರಿಕೆ ಬಂದ್. ಮೀನು ಮೊಟ್ಟೆ ಇಡೋ ಕಾಲ, ಮಳೆಗಾಲದ ಸಮುದ್ರ ಬೇರೆ, ಸರಿಯಾದ ನಿಯಮವೇ. ಆದ್ರೆ ನಮ್ಮ ಮನೇಲಿ ಆ ತಾರೀಕು ನೆನಪಿರೋದು ಬೇರೆ ಕಾರಣಕ್ಕೆ. ನಮ್ಮ ಸಣ್ಣ ಮಾವ, ಅಂದ್ರೆ ಆಯಿಯ ತಮ್ಮ, ಬಂದರಲ್ಲಿ ಮೀನು ತೂಕ ಮಾಡಿಸಿ ಐಸ್ ಹಾಕ್ಸಿ ಲಾರಿಗೆ ಏರಿಸೋ ಕೆಲಸ ಮಾಡ್ತಿದ್ದ. ಬೋಟು ನಿಂತ್ರೆ ದುಡ್ಡು ನಿಲ್ತು, ದುಡ್ಡು ನಿಂತ್ರೆ ಕುಡಿಯೋದು ನಿಲ್ತು. ಪ್ರತಿ ಜೂನಲ್ಲೂ ಹಿಂಗೇ. ಅತ್ತೆ ಅದನ್ನ ದೇವರು ಕೊಟ್ಟ ರಜೆ ಅಂತಲೇ ಅಂದ್ಕೊಂಡಿದ್ಲು, "ಎರಡು ತಿಂಗ್ಳಾದ್ರೂ ಇವ್ರು ಮನುಷ್ಯರ ಹಾಗೆ ಇರ್ತ್ರು" ಅಂತ ಆಯಿ ಹತ್ರ ಫೋನಲ್ಲಿ ಹೇಳ್ತಿದ್ಲು.

ಶುರುವಿನ ವರ್ಷಗಳಲ್ಲಿ ಕುಡಿತ ಬಿಟ್ಟ ಎರಡು ದಿನ ಕೈ ನಡುಗೋದು, ಬೆವರು, ನಿದ್ದೆ ಇಲ್ಲ, ಅಷ್ಟೇ. ಚಾ ಕಪ್ಪು ಹಿಡಿದ್ರೆ ತಟ್ಟೆಗೆ ಬಡಿದು ಕಟಕಟ ಸದ್ದು ಬರೋದು, ಮಾವನೇ ನಗ್ತಿದ್ದ. ಆಮೇಲೆ ಒಂದು ಜೂನಲ್ಲಿ ಎರಡನೇ ದಿನ ಬಚ್ಚಲಲ್ಲಿ ಬಿದ್ದು ಫಿಟ್ಸ್ ಬಂತು, ಮನೇಲಿ ಯಾರಿಗೂ ಇಲ್ಲದ ಫಿಟ್ಸ್ ಇವನಿಗೆಲ್ಲಿಂದ ಬಂತು ಅಂತ ಎಲ್ರೂ ತಲೆ ಕೆಡಿಸ್ಕೊಂಡ್ರು, ಸೊಂಟಕ್ಕೆ ತಾಯತ ಕಟ್ಟಿಸಿದ್ರು, ಮುಂದಿನ ಆಗಸ್ಟಲ್ಲಿ ಬೋಟು ಹೋಯ್ತು, ಮಾವನೂ ಮೊದಲಿನ ದಾರಿಗೆ ಹೋದ, ಫಿಟ್ಸ್ ವಿಷಯ ಮರೆತೇ ಹೋಯ್ತು.

ಕಡೆಯ ಜೂನಿನ ಕಥೆ ಸ್ವಲ್ಪ ಉದ್ದ. ಆ ಸಲ ಮಾವ ಬರೀ ದುಡ್ಡಿಲ್ಲ ಅಂತ ಬಿಟ್ಟದ್ದಲ್ಲ, ಅತ್ತೆ ಜೊತೆ ಇಡಗುಂಜಿಗೆ ಹೋಗಿ ಗಣಪತಿ ಎದುರು ನಿಂತು ಇನ್ನು ಮುಟ್ಟೋದಿಲ್ಲ ಅಂತ ಹರಕೆ ಹೊತ್ತು ಬಂದಿದ್ದ. ಮನಸ್ಸಿಟ್ಟೇ ಬಿಟ್ಟಿದ್ದ ಅಂತ ನಾನು ಈಗ್ಲೂ ನಂಬ್ತೇನೆ. ಮೂರನೇ ರಾತ್ರಿ ಎದ್ದು ಕೂತು ಅಂಗಳದ ಕತ್ತಲೆ ನೋಡ್ಕೊಂಡು "ಎತ್ತು ಎತ್ತು, ಬುಟ್ಟಿ ಎತ್ರೋ, ಐಸ್ ಸಾಕಾಗೂದಿಲ್ಲ" ಅಂತ ಕೂಗೋಕೆ ಶುರು ಮಾಡಿದ. ಕೈಯಲ್ಲಿ ಇಲ್ಲದ ಸಲಿಕೆ ಹಿಡಿದು ಇಲ್ಲದ ಐಸನ್ನ ಇಲ್ಲದ ಬಂಗಡೆ ಮೇಲೆ ಎರಚ್ತಾ ಇದ್ದ. ಗೋಡೆ ಮೇಲೆ ಇರುವೆ ಹೋಗ್ತಿದೆ ಅಂತ ಚಾದರದಿಂದ ಹೊಡೆದ. ಮೈ ಕೆಂಡ, ಬೆವರು ಅಂದ್ರೆ ಬೆವರು. ಗಾಳಿ ಸೋಕಿದೆ ಅಂದ್ರು ಕೆಲವರು. ಪಕ್ಕದ ಮನೆಯ ಅಜ್ಜ ಒಬ್ರು ಬಂದು ನೋಡಿ, "ಗಾಳಿನೂ ಇಲ್ಲ ಎಂತದೂ ಇಲ್ಲ, ಒಮ್ಮೆಲೇ ಬಿಟ್ಟದ್ದಕ್ಕೆ ಹಿಂಗಾಗಿದ್ದು, ಒಂದು ಕ್ವಾರ್ಟರ್ ತಂದು ಕುಡಿಸಿ, ಅರ್ಧ ತಾಸಲ್ಲಿ ಸರಿ ಆಗ್ತ" ಅಂದ್ರು. ಅತ್ತೆ ಅವರನ್ನ ಬಾಗಿಲಲ್ಲೇ ಬೈದು ಕಳಿಸಿದ್ಲು. ಕುಡುಕರ ಪರ ಕುಡುಕರೇ ಮಾತಾಡೋದು ಅಂತ ನಮಗೂ ಅನ್ಸಿತ್ತು.

ಆಮೇಲೆ ವಾಂತಿ ಶುರು. ಅದಕ್ಕೂ ಮೊದ್ಲಿನ ಒಂದೆರಡು ತಿಂಗಳಿಂದ ಊಟ ಅಂತ ಸರಿಯಾಗಿ ಮಾಡಿದ್ದೇ ಇಲ್ಲ, ಕ್ವಾರ್ಟರಿಗೆ ಒಂದು ಪ್ಯಾಕೆಟ್ ಶೇಂಗಾ, ಇಲ್ಲ ಅಂದ್ರೆ ಉಪ್ಪಿನಕಾಯಿ ನೆಕ್ಕೋದು, ಅದೇ ಊಟ. ಹತ್ತಿರದ ಒಂದು ಸಣ್ಣ ಕ್ಲಿನಿಕ್ಕಿಗೆ ಕರ್ಕೊಂಡು ಹೋದ್ವಿ. ನಮ್ಮ ಕಡೆ ಆಸ್ಪತ್ರೆಗೆ ಹೋದ್ರೆ ಬಾಟ್ಲಿ ಏರಿಸ್ಕೊಂಡೇ ಬರ್ಬೇಕು, ಇಲ್ಲ ಅಂದ್ರೆ ಡಾಕ್ಟ್ರು ಏನೂ ಮಾಡ್ಲಿಲ್ಲ ಅಂತ ಅರ್ಥ. "ಸುಸ್ತಾಗಿದ್ದ, ಒಂದು ಗ್ಲೂಕೋಸ್ ಹಾಕಿ ಡಾಕ್ಟ್ರೇ" ಅಂತ ಕೇಳಿದ್ದು ನಾವೇ. ನಾನೇ, ನಿಜ ಹೇಳ್ಬೇಕಂದ್ರೆ. ಎರಡು ದಿನ ಬಾಟ್ಲಿ ಮೇಲೆ ಬಾಟ್ಲಿ ಏರ್ತು. ಮೂರನೇ ದಿನ ಬೆಳಿಗ್ಗೆ ಮಾವನ ಕಣ್ಣು ನೋಡಿದ್ರೆ ಗುಡ್ಡೆ ಒಂದು ಕಡೆ ನಿಲ್ತಾ ಇಲ್ಲ, ಪಟಪಟ ಅಂತ ಪಕ್ಕಕ್ಕೆ ಜಿಗೀತಾ ಇದೆ, ಎಲ್ಲ ಎರಡೆರಡು ಕಾಣ್ತದೆ ಅಂದ. ಎದ್ದು ನಿಲ್ಸಿದ್ರೆ ಕಾಲು ಅಗಲ ಮಾಡ್ಕೊಂಡು ದೋಣಿಯಲ್ಲಿ ನಿಂತವನ ಹಾಗೆ ಓಲಾಡ್ತಾನೆ. ನಾನು ಯಾರು ಅಂತ ಕೇಳಿದ್ರೆ ಅಕ್ಕ ಅಂತಾನೆ. ಅತ್ತೆ ಜೋರಾಗಿ ಅತ್ತಳು, ಅದೂ ಸಂಕಟಕ್ಕಲ್ಲ, ಆಸ್ಪತ್ರೆಯೊಳಗೇ ಯಾರೋ ಕುಡಿಸಿದ್ದಾರೆ ಅನ್ನೋ ಸಿಟ್ಟಿಗೆ.

ಅಲ್ಲಿಂದ ಆಂಬುಲೆನ್ಸಲ್ಲಿ ದೂರದ ದೊಡ್ಡ ಆಸ್ಪತ್ರೆಗೆ. ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾದ ಬಾಂಬೋಳಿ, ಇದು ನಮ್ಮ ಜಿಲ್ಲೆಯವರಿಗೆ ಬಾಯಿಪಾಠ, ಯಾವ ಕಾಯಿಲೆಗೆ ಯಾವ ದಿಕ್ಕಿಗೆ ಓಡಬೇಕು ಅನ್ನೋದು. ಅಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ಕಣ್ಣಿಗೆ ಬೆರಳು ತೋರಿಸಿ ಆ ಕಡೆ ಈ ಕಡೆ ನೋಡಿಸಿ, ಎರಡೇ ಪ್ರಶ್ನೆ ಕೇಳಿದ್ರು: ಎಷ್ಟು ದಿನದಿಂದ ಊಟ ಇಲ್ಲ, ಮತ್ತೆ ನಡೀವಾಗ ಚಪ್ಪಲಿ ಕಾಲಿಂದ ಕಳಚಿ ಹೋದದ್ದು ಇವ್ರಿಗೆ ಗೊತ್ತಾಗ್ತಿತ್ತಾ. ಚಪ್ಪಲಿ! ಹೌದಲ್ಲ, ಎರಡು ವರ್ಷದಿಂದ ಮಾವ ಒಂದು ಚಪ್ಪಲಿ ದಾರೀಲಿ ಬಿಟ್ಟು ಬರೋದು ನಮ್ಮನೇಲಿ ಜೋಕ್ ಆಗಿತ್ತು. ಪಾದದ ನರ ಸತ್ತಿದ್ರೆ ಚಪ್ಪಲಿ ಇದೆಯೋ ಇಲ್ವೋ ಗೊತ್ತಾಗೋದಿಲ್ಲ ಅಂತೆ. ನಾವು ನಕ್ಕದ್ದೇ ನಕ್ಕದ್ದು. ಅವತ್ತೇ ರಕ್ತನಾಳಕ್ಕೆ ವಿಟಮಿನ್ ಬಿ1 ಇಂಜೆಕ್ಷನ್ ಶುರು ಮಾಡಿದ್ರು. ಕಣ್ಣು ಎರಡು ದಿನದಲ್ಲಿ ಸರಿ ಹೋಯ್ತು. ಕಾಲು ತಿಂಗಳುಗಟ್ಲೆ ಆದ್ಮೇಲೆ ಅರ್ಧಂಬರ್ಧ. ನೆನಪು ಮಾತ್ರ ಬರ್ಲೇ ಇಲ್ಲ.

ಇದಾಗಿ ಮೂರು ವರ್ಷಕ್ಕೆ ನಾನು ಬೆಂಗಳೂರಲ್ಲಿ ಒಂದು ರಿಸರ್ಚ್ ಪ್ರಾಜೆಕ್ಟಲ್ಲಿ ಡೇಟಾ ತುಂಬೋ ಕೆಲಸ ಮಾಡ್ತಿದ್ದೆ. ಒಂದಿನ ಮೇಡಂ ಕರೆದು, ಮುಂದಿನ ವಾರ ಎರಡು ದಿನ ಮೀಟಿಂಗ್ ಇದೆ, ಮದ್ಯ ಮತ್ತು ಮೆದುಳು ಅಂತ ವಿಷಯ, ನೀನು ರಿಜಿಸ್ಟ್ರೇಷನ್ ಡೆಸ್ಕಲ್ಲಿ ಕೂತ್ಕೋ ಅಂದ್ರು. ಬ್ಯಾಡ್ಜು, ಸೆಣಬಿನ ಬ್ಯಾಗು, ಪೆನ್ನು, ಊಟದ ಕೂಪನ್ನು, ಇಷ್ಟು ನನ್ನ ಜವಾಬ್ದಾರಿ. ಹತ್ತು ಗಂಟೆ ಮೇಲೆ ಡೆಸ್ಕಲ್ಲಿ ನೊಣ ಹೊಡೆಯೋದು ಬಿಟ್ರೆ ಕೆಲಸ ಇಲ್ಲ, ಒಳಗೆ ಹೋಗಿ ಹಿಂದಿನ ಸಾಲಲ್ಲಿ ಕೂತೆ, ಎಸಿ ಇತ್ತು ಅನ್ನೋದೇ ಮುಖ್ಯ ಕಾರಣ.

ಸ್ಲೈಡಲ್ಲಿ ಮೂರು ಸಾಲು. ಕಣ್ಣು, ನಡಿಗೆ, ಗೊಂದಲ.

ಅದರ ಕೆಳಗೆ ಕೆಂಪಕ್ಷರದಲ್ಲಿ, ಊಟ ಬಿಟ್ಟ ಕುಡುಕರಿಗೆ ಥಯಾಮಿನ್, ಅಂದ್ರೆ ಅದೇ ಬಿ1, ಕೊಡದೆ ಬರೀ ಗ್ಲೂಕೋಸ್ ಏರಿಸ್ತಾ ಹೋಗ್ಬೇಡಿ ಅನ್ನೋ ಅರ್ಥದ ಒಂದು ಸಾಲು. ಮಾತಾಡ್ತಿದ್ದವರು ಇದು ಎಲ್ರಿಗೂ ಗೊತ್ತಿರೋದೇ ಅಂತ ಅರ್ಧ ನಿಮಿಷ ಕೂಡ ನಿಲ್ಲದೆ ಮುಂದಿನ ಸ್ಲೈಡಿಗೆ ಹೋದ್ರು. ನನಗೆ ಮುಂದಿನ ಸ್ಲೈಡ್ ಕಾಣ್ಲಿಲ್ಲ. ಮೂರು ವರ್ಷ ನಮ್ಮನೇಲಿ ಗಾಳಿ, ಗ್ರಹಚಾರ, ಹರಕೆ ಮುರಿದ ಶಾಪ, ಯಾರೋ ಕುಡಿಸಿದ್ದು ಅಂತ ಏನೇನೋ ಹೆಸರಿಟ್ಟು ಮಾತಾಡಿದ್ದಕ್ಕೆ ಇಲ್ಲಿ ಮೂರು ಪದದ ಹೆಸರಿದೆ, ಅದೂ ಅರ್ಧ ನಿಮಿಷದ್ದು. ಎದ್ದು ಹೊರಗೆ ಬಂದೆ, ಅಷ್ಟರಲ್ಲಿ ಕೇಟರಿಂಗಿನವರು ಕೂಪನ್ ಲೆಕ್ಕ ಕೇಳೋಕೆ ನಿಂತಿದ್ರು, ಅವರಿಗೆ ವೆಜ್ ಎಷ್ಟು ನಾನ್‌ವೆಜ್ ಎಷ್ಟು ಅಂತ ಹೇಳಿದೆ.

ಆಮೇಲೆ ನಾನು ಇದನ್ನ ಹುಡುಕಿ ಹುಡುಕಿ ಓದಿದೆ, ಒಂಥರಾ ಹುಚ್ಚು ಹಿಡಿದ ಹಾಗೆ. ಈ ಮೂರು ಲಕ್ಷಣಗಳನ್ನ 1881ರಲ್ಲೇ ಕಾರ್ಲ್ ವೆರ್ನಿಕೆ ಅನ್ನೋ ಜರ್ಮನ್ ಡಾಕ್ಟರ್ ಬರೆದಿಟ್ಟಿದ್ರು. ಅವರು ನೋಡಿದ್ದು ಮೂರೇ ಜನರನ್ನ: ಇಬ್ರು ಗಂಡಸರು, ವಿಪರೀತ ಕುಡಿತದವರು. ಮೂರನೆಯವಳು ಒಬ್ಬ ಹೊಲಿಗೆ ಕೆಲಸದ ಹುಡುಗಿ, ಗಂಧಕದ ಆಸಿಡ್ ಕುಡಿದು ಬದುಕಿದವಳು, ಆದ್ರೆ ಹೊಟ್ಟೆಯಲ್ಲಿ ಏನೂ ನಿಲ್ಲದೆ ವಾಂತಿ. ಅಂದ್ರೆ ಆ ಹುಡುಗಿ ಕುಡಿತಾನೇ ಇರ್ಲಿಲ್ಲ! ಸುಳಿವು ಮೊದಲ ದಿನದಿಂದ ಅಲ್ಲೇ ಇತ್ತು, ಇದು ಬರೀ ಸಾರಾಯಿಯ ವಿಷ ಅಲ್ಲ, ಹೊಟ್ಟೆಗೆ ಏನೋ ಸೇರದೇ ಇರೋದ್ರ ಕಾಯಿಲೆ ಅಂತ. ಆ 'ಏನೋ' ಯಾವುದು ಅಂತ ಪಕ್ಕಾ ಆಗೋಕೆ ಇನ್ನೂ ಅರ್ಧ ಶತಮಾನ ಬೇಕಾಯ್ತು. ವೆರ್ನಿಕೆ ಮಾತ್ರ ಇದನ್ನ ಮೆದುಳಿನ ಉರಿಯೂತ ಅಂತ ತಿಳ್ಕೊಂಡಿದ್ರು.

ಆರು ವರ್ಷದ ಮೇಲೆ, 1887ರಲ್ಲಿ, ಮಾಸ್ಕೋದಲ್ಲಿ ಸೆರ್ಗೆಯ್ ಕೊರ್ಸಕಾಫ್ ಅನ್ನೋ ಡಾಕ್ಟರ್ ಇದೇ ಕಾಯಿಲೆಯ ಇನ್ನೊಂದು ತುದಿ ಹಿಡಿದ್ರು. ಅವರ ರೋಗಿಗಳಿಗೆ ಕಾಲಿನ ನರ ಹೋಗಿದೆ, ಜೊತೆಗೆ ನೆನಪೂ ಹೋಗಿದೆ. ಅವರು ಬರೆದ ಒಂದು ವಿಷಯ ಓದುವಾಗ ನನಗೆ ಮೈ ಜುಂ ಅಂತು: ಇಂಥ ರೋಗಿ ಜೊತೆ ಮೊದಲ ಸಲ ಮಾತಾಡಿದ್ರೆ ಏನೂ ತೊಂದ್ರೆ ಇದೆ ಅಂತ ಗೊತ್ತೇ ಆಗೋದಿಲ್ಲ, ಚೆನ್ನಾಗಿ ಮಾತಾಡ್ತಾನೆ, ಲೆಕ್ಕ ಹಾಕ್ತಾನೆ, ಆಟ ಆಡ್ತಾನೆ, ಸ್ವಲ್ಪ ಹೊತ್ತಾದ್ಮೇಲೆ ಅದೇ ಪ್ರಶ್ನೆ ಮತ್ತೆ ಕೇಳ್ತಾನೆ, ಆಗ ತಿಳೀತದೆ. ನಮ್ಮನೆಗೆ ಮಾವನ್ನ ನೋಡೋಕೆ ಬಂದ ನೆಂಟರೆಲ್ಲ "ಎಂತದೂ ಆಗ್ಲಿಲ್ವೇ, ಚೊಲೋ ಇದ್ನಲ್ಲೇ" ಅಂತ ಹೇಳಿ ಚಾ ಕುಡಿದು ಹೋದದ್ದು ಇದಕ್ಕೇ. ಮಾವ ಅವರಿಗೆ ನಿನ್ನೆ ಅಂಕೋಲಾ ಬಂಡಿಹಬ್ಬಕ್ಕೆ ಹೋಗಿ ಬಂದೆ, ಮಳೆ ಬಂತು, ಬಳೆ ಅಂಗಡಿ ಹತ್ರ ನಿಮ್ಮ ಅಣ್ಣ ಸಿಕ್ಕಿದ್ರು ಅಂತ ಬಣ್ಣ ಬಣ್ಣವಾಗಿ ಹೇಳ್ತಿದ್ದ. ಹಾಸಿಗೆ ಬಿಟ್ಟು ಎದ್ದಿರ್ಲಿಲ್ಲ. ಸುಳ್ಳು ಹೇಳ್ತಾನೆ ಅಂತ ಅತ್ತೆಗೆ ಸಿಟ್ಟು. ಸುಳ್ಳಲ್ಲ ಅದು. ನಿನ್ನೆ ಅನ್ನೋ ಜಾಗ ಖಾಲಿ ಇದ್ರೆ ಮೆದುಳು ಹಳೇ ಪೆಟ್ಟಿಗೆಯಿಂದ ಸಿಕ್ಕಿದ್ದನ್ನ ತೆಗೆದು ಅಲ್ಲಿ ಇಡ್ತದೆ, ಇಟ್ಟವನಿಗೂ ಅದು ತಾನಿಟ್ಟದ್ದು ಅಂತ ತಿಳಿಯೋದಿಲ್ಲ.

ಈ ಕಾಯಿಲೆಗೆ ಹೆಸರು ಬಂದದ್ದೂ ಒಂದು ಮೀಟಿಂಗಲ್ಲೇ. 1897ರಲ್ಲಿ ಮಾಸ್ಕೋದಲ್ಲಿ ಅಂತಾರಾಷ್ಟ್ರೀಯ ವೈದ್ಯಕೀಯ ಸಮ್ಮೇಳನ ನಡೆದಾಗ ಬರ್ಲಿನ್ನಿನ ಪ್ರೊಫೆಸರ್ ಯೋಲಿ ಎದ್ದು ನಿಂತು, ಇದನ್ನ ಕೊರ್ಸಕಾಫ್ ಸಿಂಡ್ರೋಮ್ ಅಂತ ಕರೆಯೋಣ ಅಂದ್ರು. ಮೂರು ವರ್ಷಕ್ಕೆ ಕೊರ್ಸಕಾಫ್ ತೀರಿಕೊಂಡ್ರು, 46 ವರ್ಷ ವಯಸ್ಸು. ಹೆಸರು ಉಳೀತು. ಹೆಸರು ಮಾಸ್ಕೋದಿಂದ ಮಣಿಪಾಲದ ಟೆಕ್ಸ್ಟ್‌ಬುಕ್ಕಿಗೆಲ್ಲ ಬಂತು, ನಮ್ಮ ಊರಿನ ಕ್ಲಿನಿಕ್ಕಿನ ಕಬ್ಬಿಣದ ಸ್ಟ್ಯಾಂಡಿನ ತನಕ ಮಾತ್ರ ಬರ್ಲಿಲ್ಲ.

ಬಿ1 ಕಥೆ ಅಂತೂ ನಮ್ಮ ಕರಾವಳಿಯವರು ತಮ್ಮದೇ ಮನೆ ಕಥೆ ಅಂತ ಓದಬಹುದಾದ್ದು, ಯಾಕಂದ್ರೆ ಅದು ಅಕ್ಕಿಯ ಕಥೆ. ಜಾವಾದಲ್ಲಿ ಡಚ್ಚರ ಆಸ್ಪತ್ರೆ ಹತ್ರ ಕ್ರಿಸ್ಟಿಯಾನ್ ಐಕ್‌ಮನ್ ಅನ್ನೋರು ನರ ಸೋತು ಕೈಕಾಲು ಬಲ ಕಳ್ಕೊಳ್ಳೋ ಬೆರಿಬೆರಿ ಕಾಯಿಲೆಗೆ ಕ್ರಿಮಿ ಹುಡುಕ್ತಾ ಕೋಳಿ ಸಾಕಿದ್ರು. ಕೋಳಿಗಳ ಕಾಲಿನ ಬಲ ಹೋಯ್ತು. ಸ್ವಲ್ಪ ದಿನಕ್ಕೆ ತಾವಾಗೇ ಸರಿ ಆದ್ವು. ವಿಚಾರಿಸಿದ್ರೆ, ಮೊದ್ಲು ಆಸ್ಪತ್ರೆ ಅಡುಗೆಮನೆಯ ಪಾಲಿಶ್ ಅಕ್ಕಿ ಅನ್ನ ಹಾಕ್ತಿದ್ರಂತೆ, ಹೊಸ ಅಡುಗೆಯವನು ಬಂದು ಮಿಲಿಟರಿ ಅನ್ನ ಸಿವಿಲ್ ಕೋಳಿಗೆ ಕೊಡೋದಿಲ್ಲ ಅಂತ ನಿಲ್ಸಿಬಿಟ್ಟ. ಒಬ್ಬ ಜಿಪುಣ ಅಡುಗೆಯವನಿಂದ ವಿಟಮಿನ್ನಿನ ಬಾಗಿಲು ತೆರೀತು, ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಂತು, ಅಡುಗೆಯವನಿಗೆ ಎಂತದೂ ಬರ್ಲಿಲ್ಲ. ಪಾಲಿಶ್ ಮಾಡಿದ್ರೆ ತೌಡಿನ ಜೊತೆ ಹೋಗೋದು ಈ ಬಿ1. ನಮ್ಮ ಕುಚಲಕ್ಕಿಯಲ್ಲಿ ಭತ್ತವನ್ನ ಮೊದ್ಲೇ ಬೇಯಿಸಿ ಒಣಗಿಸೋದ್ರಿಂದ ಅದು ಕಾಳಿನ ಒಳಗೆ ಇಳಿದು ಕೂತಿರ್ತದೆ, ಮಿಲ್ಲಿಗೆ ಕೊಟ್ರೂ ಪೂರ್ತಿ ಹೋಗೋದಿಲ್ಲ. ಹಾಗಾಗಿ ಕುಚಲಕ್ಕಿ ಗಂಜಿ ಉಣ್ಣೋ ಸೀಮೆಯಲ್ಲಿ ಹುಟ್ಟಿದ ನಮ್ಮ ಮಾವನಿಗೆ ಬಿ1 ಇಲ್ಲದ ಕಾಯಿಲೆ ಬಂತು ಅಂದ್ರೆ ಅದು ಅಕ್ಕಿಯ ತಪ್ಪಲ್ಲ. ಅತ್ತೆ ಗಂಜಿ ಮಾಡಿ ಮುಚ್ಚಿಡ್ತಿದ್ಲು, ಬೆಳಿಗ್ಗೆ ಅದು ದನಕ್ಕೆ ಹೋಗ್ತಿತ್ತು. ದೇಹದಲ್ಲಿ ಬಿ1 ದಾಸ್ತಾನು ಅಂತ ಇರೋದೇ ಸುಮಾರು 30 ಮಿಲಿಗ್ರಾಂ, ಎರಡು ಮೂರು ವಾರಕ್ಕೆ ಅದು ಬರಿದಾಗ್ತಾ ಬರ್ತದೆ, ಮೇಲಿಂದ ಕುಡಿತ ಕರುಳಿಂದ ಹೀರಿಕೊಳ್ಳೋದನ್ನೂ ತಡೀತದೆ.

ಗ್ಲೂಕೋಸ್ ಯಾಕೆ ಅಂಥಾ ಕೆಲಸ ಮಾಡ್ತು ಅಂದ್ರೆ, ಮೆದುಳು ಸಕ್ಕರೆ ಉರಿಸೋಕೆ ಬಿ1 ಬೇಕೇ ಬೇಕು. ನಮ್ಮ ಬಚ್ಚಲ ಒಲೆ ನೆನೆಸ್ಕೊಳ್ಳಿ. ಗಾಳಿ ಬರೋ ಬಾಯಿ ಮುಚ್ಚಿದೆ, ಬೆಂಕಿ ಸಣ್ಣಗೆ ಹೊಗೀತಿದೆ. ಆಗ ಸೌದೆ ಕಡಿಮೆ ಆಯ್ತು ಅಂತ ಇನ್ನೊಂದು ಹೊರೆ ತುರುಕಿದ್ರೆ? ಉಳಿದ ಚೂರು ಗಾಳಿಯೂ ಮುಗಿದು ಮನೆ ತುಂಬ ಹೊಗೆ. ಮೆದುಳಿನ ತಳದಲ್ಲಿ ಬಟಾಣಿ ಕಾಳಿನಷ್ಟು ದೊಡ್ಡ ಎರಡು ಉಬ್ಬುಗಳಿವೆ, ಮಾಮಿಲರಿ ಬಾಡಿ ಅಂತಾರೆ, ಹೊಸ ನೆನಪು ಹಿಡಿಯೋ ದಾರಿ ಅಲ್ಲಿಂದ ಹೋಗ್ತದೆ, ಮೊದ್ಲು ಹೊಗೆ ಹಿಡಿಯೋದು ಅಂಥ ಜಾಗಗಳಿಗೆ. ಒಂದು ಮಾತು ಇಲ್ಲಿ ಸರಿಯಾಗಿ ಹೇಳ್ಬೇಕು, ಅರ್ಧ ಓದಿ ಯಾರೂ ಕ್ಲಿನಿಕ್ಕಲ್ಲಿ ಜಗಳ ತೆಗೀಬಾರ್ದು: ಶುಗರ್ ತೀರಾ ಇಳಿದು ಪ್ರಜ್ಞೆ ತಪ್ಪಿದವರಿಗೆ ಗ್ಲೂಕೋಸ್ ತಕ್ಷಣ ಕೊಡ್ಲೇಬೇಕು, ಬಿ1ಗೆ ಕಾಯ್ತಾ ಕೂರೋ ಹಾಗಿಲ್ಲ, ಜೊತೆಜೊತೆಗೇ ಕೊಡೋದು. ಒಂದೇ ಬಾಟ್ಲಿಯಿಂದ ಹೀಗಾಗ್ತದಾ, ದಿನಗಟ್ಲೆ ಏರಿಸಿದ್ರೆ ಆಗೋದಾ ಅನ್ನೋದ್ರ ಮೇಲೆ ಡಾಕ್ಟರುಗಳಲ್ಲೇ ವಾದ ಇದೆ. ಮಾವನಿಗೆ ಏರಿದ್ದು ಎರಡು ದಿನ. ಆ ಕ್ಲಿನಿಕ್ಕಿನವರ ಮೇಲೆ ನನಗೆ ಒಂದು ಕಾಲದಲ್ಲಿ ಕೆಂಡದಂಥ ಸಿಟ್ಟಿತ್ತು. ಬಾಟ್ಲಿ ಹಾಕಿ ಅಂತ ಕೇಳಿದ ದನಿ ನನ್ನದೇ ಅನ್ನೋದು ನೆನಪಾದಾಗೆಲ್ಲ ಆ ಸಿಟ್ಟು ಎಲ್ಲಿ ಇಡೋದು ಅಂತ ಗೊತ್ತಾಗೋದಿಲ್ಲ.

ಇನ್ನು ಆ ಪಕ್ಕದ ಮನೆ ಅಜ್ಜ. ಎರಡನೇ ದಿನದ ಬೆಳಿಗ್ಗೆ ಮೀಟಿಂಗಲ್ಲಿ ಅವರ ಮಾತೇ ಬಂತು, ಇಂಗ್ಲಿಷಲ್ಲಿ, ಗ್ರಾಫ್ ಸಮೇತ. ಕುಡಿತ ಒಮ್ಮೆಲೇ ನಿಂತ್ರೆ ಬರೋ ನಡುಕ, ಫಿಟ್ಸ್, ಸನ್ನಿ ಎಲ್ಲ ಯಾವುದರಿಂದ ಅನ್ನೋದಕ್ಕೆ ತುಂಬಾ ವರ್ಷ ಜಗಳ ಇತ್ತು, ಊಟ ಇಲ್ಲದ್ದಕ್ಕಾ, ವಿಷ ಏರಿದ್ದಕ್ಕಾ ಅಂತ. 1955ರಲ್ಲಿ ಹ್ಯಾರಿಸ್ ಇಸ್ಬೆಲ್ ಮತ್ತು ಜೊತೆಗಾರರು ಅಮೆರಿಕದ ಲೆಕ್ಸಿಂಗ್ಟನ್ನಿನಲ್ಲಿ ಹತ್ತು ಜನರಿಗೆ, ಹಿಂದೆ ಮಾರ್ಫೀನ್ ಚಟ ಇದ್ದ ಕೈದಿಗಳು ಅವರು, ವಾರಗಟ್ಲೆ ಸಾರಾಯಿ ಕುಡಿಸಿದ್ರು. ಜೊತೆಗೆ ಒಳ್ಳೆ ಊಟ, ವಿಟಮಿನ್ನು. ಆಮೇಲೆ ಒಮ್ಮೆಲೇ ನಿಲ್ಸಿದ್ರು. ಹೆಚ್ಚು ದಿನ ಕುಡಿದವರಲ್ಲಿ ಕೆಲವರಿಗೆ ಫಿಟ್ಸ್, ಕೆಲವರಿಗೆ ಸನ್ನಿ. ಊಟದ ತಪ್ಪಲ್ಲ, ನಿಲ್ಸಿದ್ದೇ ಕಾರಣ ಅಂತ ಸಾಬೀತಾಯ್ತು. ಈಗ ಯಾರಾದ್ರೂ ಹಾಗೆ ಮಾಡಿದ್ರೆ ಜೈಲಿಗೆ ಹೋಗೋರು ಆ ಡಾಕ್ಟರುಗಳೇ. ಅಷ್ಟೆಲ್ಲ ಮಾಡಿ ಅವರು ಕಂಡ್ಕೊಂಡದ್ದನ್ನ ಮಾವನ ಊರು ಸದಾಶಿವಗಡದ ಅಜ್ಜ ಒಬ್ರು ಬಾಗಿಲಲ್ಲಿ ನಿಂತು ಪುಕ್ಕಟೆ ಹೇಳಿದ್ರು, ನಾವು ಬೈದು ಕಳಿಸಿದ್ವಿ.

ನಾನು ಇದನ್ನ ಅರ್ಥ ಮಾಡ್ಕೊಂಡದ್ದು ಕಾಳಿ ನದಿಯ ಅಳಿವೆ ನೆನೆಸ್ಕೊಂಡು. ಬೋಟನ್ನ ನೀರಿನ ಸೆಳೆತ ಒಂದು ಕಡೆ ಎಳೀತಾ ಇದ್ರೆ ಇದ್ದಲ್ಲೇ ನಿಲ್ಲೋಕೂ ಎಂಜಿನ್ ಜೋರು ಮಾಡ್ಬೇಕು. ಸಾರಾಯಿ ಆ ಸೆಳೆತ. ಮೆದುಳನ್ನ ತಣ್ಣಗಿಡೋ ಗಾಬಾ ಅನ್ನೋ ರಾಸಾಯನಿಕದ ಕೆಲಸಕ್ಕೆ ಅದು ಒತ್ತು ಕೊಡ್ತದೆ, ಎಬ್ಬಿಸೋ ಗ್ಲುಟಮೇಟಿನ ಬಾಯಿ ಮುಚ್ಚಿಸ್ತದೆ, ಈ ಎರಡನೇದನ್ನ 1989ರಲ್ಲಿ ಡೇವಿಡ್ ಲವಿಂಜರ್ ಮತ್ತು ಸಂಗಡಿಗರು ನರಕೋಶದ ಕರೆಂಟ್ ಅಳೆದು ತೋರಿಸಿದ್ರು. ವರ್ಷಗಟ್ಲೆ ಈ ಸೆಳೆತ ಇದ್ದದ್ದಕ್ಕೆ ಮೆದುಳು ತನ್ನ ಎಂಜಿನ್ನನ್ನ ಫುಲ್ ಮಾಡಿ ಇಟ್ಕೊಂಡಿರ್ತದೆ. ಒಂದಿನ ಸೆಳೆತ ಒಮ್ಮೆಲೇ ನಿಂತ್ರೆ ಬೋಟು ಹೋಗಿ ಬಂಡೆಗೆ ಬಡೀತದೆ. ಹಾಗಾಗಿ ಆಸ್ಪತ್ರೆಯಲ್ಲಿ ಲೊರಾಜೆಪಾಮ್ ಥರದ ಔಷಧಿ ಕೊಟ್ಟು, ಅದೂ ಗಾಬಾ ಮೇಲೇ ಕೆಲಸ ಮಾಡೋದು, ದಿನದಿಂದ ದಿನಕ್ಕೆ ಡೋಸ್ ಇಳಿಸ್ತಾ ಎಂಜಿನ್ ನಿಧಾನ ಮಾಡಿಸ್ತಾರೆ. ಅಜ್ಜನ ರೋಗನಿರ್ಣಯ ಸರಿ ಇತ್ತು, ಔಷಧಿ ತಪ್ಪು.

ಇದಕ್ಕಿಂತ ನನ್ನನ್ನ ಕಾಡಿದ್ದು ಇನ್ನೊಂದು. 1978ರಲ್ಲಿ ಬ್ಯಾಲೆಂಜರ್ ಮತ್ತು ಪೋಸ್ಟ್ ಅನ್ನೋರು ಬರೆದದ್ದು: ಪ್ರತಿ ಸಲ ಹೀಗೆ ಒಮ್ಮೆಲೇ ಬಿಟ್ಟು, ಮತ್ತೆ ಹಿಡಿದು, ಮತ್ತೆ ಬಿಟ್ರೆ, ಬಿಡುವಾಗಿನ ಹೊಡೆತ ಸಲದಿಂದ ಸಲಕ್ಕೆ ಜೋರಾಗ್ತಾ ಹೋಗ್ತದೆ, ಒದ್ದೆ ಸೌದೆ ಮತ್ತೆ ಮತ್ತೆ ಬೆಂಕಿ ಕಂಡು ಕಡೆಗೆ ಒಂದೇ ಕಡ್ಡಿಗೆ ಹತ್ತಿಕೊಳ್ಳೋ ಹಾಗೆ. ಒಂದು ಜೂನಲ್ಲಿ ನಡುಕ. ಇನ್ನೊಂದು ಜೂನಲ್ಲಿ ಫಿಟ್ಸ್. ಕಡೆಯ ಜೂನಲ್ಲಿ ಇಲ್ಲದ ಬಂಗಡೆಗೆ ಇಲ್ಲದ ಐಸ್. ಅತ್ತೆ ದೇವರು ಕೊಟ್ಟ ರಜೆ ಅಂದ್ಕೊಂಡಿದ್ದ 61 ದಿನ ಬಂದು ಬಂದು ಏನು ಮಾಡ್ತಿತ್ತು ಅನ್ನೋದನ್ನ ನಾನು ಅವಳಿಗೆ ಇವತ್ತಿನ ತನಕ ಹೇಳಿಲ್ಲ.

ಊಟದ ಹೊತ್ತಲ್ಲಿ ಪೋಸ್ಟರ್ ನೋಡ್ತಾ ತಿರುಗಿದೆ. ಒಬ್ಬ ಹುಡುಗ ಇಲಿಗಳ ಬಗ್ಗೆ ಹೇಳ್ತಿದ್ದ, ಸಿ57 ಅನ್ನೋ ಕಪ್ಪು ತಳಿಯ ಇಲಿ ನೀರು ಮತ್ತು ಸಾರಾಯಿ ಎರಡೂ ಇಟ್ರೆ ಸಾರಾಯಿ ಬಾಟ್ಲಿಗೇ ಹೋಗ್ತದೆ, ಡಿಬಿಎ ಅನ್ನೋ ಇನ್ನೊಂದು ತಳಿ ಮೂಸಿಯೂ ನೋಡೋದಿಲ್ಲ, 1959ರಿಂದಲೇ ಗೊತ್ತಿರೋ ವಿಷಯ ಅಂತ. ಹಾಗಾದ್ರೆ ಎಲ್ಲ ವಂಶದಲ್ಲೇ ಬರೆದಿದೆಯಾ ಅಂತ ನಾನು ಕೇಳಿದೆ. ಅವನು ನನ್ನ ಬ್ಯಾಡ್ಜ್ ನೋಡಿ, ಅದರಲ್ಲಿ ವಾಲಂಟಿಯರ್ ಅಂತಿತ್ತು, ಆದ್ರೂ ಪಾಪ ತಾಳ್ಮೆಯಿಂದ ಹೇಳಿದ. ನ್ಯೂಯಾರ್ಕಿನ ಹೆನ್ರಿ ಬೆಗ್ಲೈಟರ್ 1984ರಲ್ಲಿ, ಅಪ್ಪ ವಿಪರೀತ ಕುಡಿಯೋರಾಗಿದ್ದ ಸಣ್ಣ ಹುಡುಗರ ತಲೆಗೆ ಮೆದುಳಿನ ಕರೆಂಟ್ ಅಳೆಯೋ ಇಇಜಿ ವೈರ್ ಹಚ್ಚಿ ನೋಡಿದ್ರಂತೆ. ಅನಿರೀಕ್ಷಿತವಾಗಿ ಏನಾದ್ರೂ ಕಂಡ್ರೆ ಕೇಳಿದ್ರೆ ಸುಮಾರು 300 ಮಿಲಿಸೆಕೆಂಡಿಗೆ ಮೆದುಳಲ್ಲಿ ಒಂದು ಅಲೆ ಏಳ್ತದೆ, ಪಿ300 ಅಂತ. ಆ ಹುಡುಗರಲ್ಲಿ ಅಲೆ ಸಣ್ಣದಿತ್ತು. ಅವರು ಒಂದು ಹನಿ ಕುಡಿದವರಲ್ಲ. ನಮ್ಮ ನಿಮ್ಹಾನ್ಸಲ್ಲೂ ಇಂಥ ಮನೆತನಗಳ ಮೇಲೆ ಅಧ್ಯಯನ ನಡೆದಿದೆ. ಅಲೆ ಸಣ್ಣದಿದ್ದ ಮಾತ್ರಕ್ಕೆ ಕುಡುಕ ಆಗ್ತಾನೆ ಅಂತಲ್ಲ, ಅಪಾಯ ಸ್ವಲ್ಪ ಜಾಸ್ತಿ ಅಷ್ಟೇ ಅಂದ ಹುಡುಗ. ನನಗೆ ಮಾವನ ಮಗ ಕಣ್ಮುಂದೆ ಬಂದ. ಅವನು ಕಾರವಾರ–ಗೋವಾ ಟೆಂಪೋ ಓಡಿಸ್ತಾನೆ, ಮಾಜಾಳಿ ಚೆಕ್‌ಪೋಸ್ಟ್ ದಾಟಿದ್ರೆ ಹೆಜ್ಜೆಗೊಂದು ಬಾರ್, ಎಲ್ಲ ಇಲ್ಲಿಗಿಂತ ಅಗ್ಗ, ಇವತ್ತಿನ ತನಕ ಮುಟ್ಟಿಲ್ಲ. ಯಾವ ತಳಿಯ ಇಲಿ ಅಂತ ಇವನನ್ನ ಬರ್ಕೊಳ್ಳೋದು?

ರಾತ್ರಿ ಡಿನ್ನರ್. ಇದನ್ನ ಹೇಳ್ಬೇಕೋ ಬೇಡ್ವೋ. ಇಡೀ ದಿನ ಒಂದು ಪೆಗ್ ಕೂಡ ಮೆದುಳಿಗೆ ಒಳ್ಳೇದಲ್ಲ ಅಂತ ಮಾತಾಡಿದ ಸಭೆಯ ಡಿನ್ನರಿಗೆ ಹುಲ್ಲುಹಾಸಿನ ತುದೀಲಿ ಒಂದು ಬಾರ್ ಕೌಂಟರ್ ಇತ್ತು, ಸಾಲೂ ಇತ್ತು. ನಾನು ಕೂಪನ್ ಹಂಚ್ತಾ ಇದ್ದೆ. ಒಬ್ಬ ಹಿರಿಯ ಪ್ರೊಫೆಸರ್ ನನ್ನ ಮುಖ ನೋಡಿ ನಕ್ಕು, "ನಾವು ಕೂಡ ಮನುಷ್ಯರೇ ಅಮ್ಮಾ" ಅಂದ್ರು. ಕಪಟ ಅಂತ ಅನ್ಸಿಲ್ಲ ನನಗೆ. ಗೊತ್ತಿರೋದಕ್ಕೂ ಬಿಡೋದಕ್ಕೂ ನಡುವೆ ಎಷ್ಟು ದೂರ ಇದೆ ಅಂತ ಅಷ್ಟು ಹತ್ತಿರದಿಂದ ನೋಡೋಕೆ ಸಿಕ್ಕಿದ್ದು ಅಲ್ಲೇ.

ಅಮೆರಿಕದಲ್ಲಿ ಗೋರ್ಡನ್ ಕಾನ್ಫರೆನ್ಸ್ ಅಂತ ಒಂದು ಸಂಪ್ರದಾಯ ಇದೆ, 1931ರಲ್ಲಿ ನೀಲ್ ಗೋರ್ಡನ್ ಅನ್ನೋ ಪ್ರೊಫೆಸರ್ ಜಾನ್ಸ್ ಹಾಪ್ಕಿನ್ಸಲ್ಲಿ ಶುರು ಮಾಡಿದ್ದು, ಮದ್ಯ ಮತ್ತು ನರಮಂಡಲ ಅನ್ನೋ ವಿಷಯಕ್ಕೇ ಒಂದು ಸರಣಿ ಇದೆ. ಅದರ ನಿಯಮ ಏನಂದ್ರೆ ಒಳಗೆ ಕೇಳಿದ್ದನ್ನ ಹೊರಗೆ ಹೇಳೋ ಹಾಗಿಲ್ಲ, ಫೋಟೋ ಇಲ್ಲ, ರೆಕಾರ್ಡಿಂಗ್ ಇಲ್ಲ. ಇನ್ನೂ ಪ್ರಕಟ ಆಗದ ಹಸಿ ಹಸಿ ಫಲಿತಾಂಶವನ್ನ ಹೆದರದೆ ಹೇಳ್ಲಿ ಅಂತ ಹಾಗೆ ಮಾಡಿದ್ದು. 1935ರಲ್ಲಿ ಓಹಾಯೋದ ಆಕ್ರನ್ನಿನಲ್ಲಿ ಇಬ್ಬರು ಕುಡುಕರು ಕೂತು ಮಾತಾಡಿ ಶುರುವಾದ ಎಎ, ಅಂದ್ರೆ ಆಲ್ಕೋಹಾಲಿಕ್ಸ್ ಅನಾನಿಮಸ್ ಅನ್ನೋ ಕುಡಿತ ಬಿಡೋರ ಕೂಟದ ಮೀಟಿಂಗುಗಳಲ್ಲೂ ಅದೇ ನಿಯಮ, ಇಲ್ಲಿ ಕೇಳಿದ್ದು ಇಲ್ಲೇ ಬಿಟ್ಟು ಹೋಗಿ. ಬಂದರು ರಸ್ತೆಯ ಬಾರಲ್ಲೂ ಮಾವನ ಗೆಳೆಯರು ಪರಸ್ಪರ ಹೇಳ್ಕೊಳ್ಳೋದು ಅದನ್ನೇ, "ಮನೇಲಿ ಹೇಳ್ಬೇಡ ಮಾರಾಯ". ಮೂರೂ ಕಡೆ ಬಾಗಿಲು ಮುಚ್ಚಿ ಮಾತಾಡ್ತಾರೆ, ಬಾಗಿಲ ಹೊರಗೆ ಗಂಜಿ ಮುಚ್ಚಿಟ್ಟು ಕಾಯೋದು ನಮ್ಮ ಅತ್ತೆ.

ಹೊರಗೆ ಬಂದದ್ದೂ ಇದೆ, ಇಲ್ಲ ಅನ್ನೋಕಾಗೋದಿಲ್ಲ. ಆಸ್ಟ್ರೇಲಿಯಾದಲ್ಲಿ ಕ್ಲೈವ್ ಹಾರ್ಪರ್ ಅನ್ನೋರು ಸತ್ತವರ ಮೆದುಳು ಪರೀಕ್ಷೆ ಮಾಡ್ತಾ ಮಾಡ್ತಾ ಒಂದು ವಿಷಯ ಕಂಡ್ರು: ವೆರ್ನಿಕೆ ಬರೆದ ಆ ಕಾಯಿಲೆಯ ಗಾಯ ಇದ್ದ ಮೆದುಳುಗಳಲ್ಲಿ, ಬದುಕಿದ್ದಾಗ ಡಾಕ್ಟರ್ ಗುರುತಿಸಿದ್ದು ಐದರಲ್ಲಿ ಒಂದು ಮಾತ್ರ. ಉಳಿದ ನಾಲ್ಕೂ ತಪ್ಪಿಹೋಗಿದ್ವು. ಈ ಅಂಕಿ ಓದಿದ್ಮೇಲೆ ನಮ್ಮ ಸಣ್ಣ ಕ್ಲಿನಿಕ್ಕಿನ ಮೇಲಿದ್ದ ಸಿಟ್ಟು ಇನ್ನೂ ಸ್ವಲ್ಪ ಇಳೀತು, ದೊಡ್ಡ ದೇಶದ ದೊಡ್ಡ ಆಸ್ಪತ್ರೆಗಳ ಕಥೆಯೇ ಹಾಗಿತ್ತು. 1991ರಿಂದ ಆ ದೇಶದಲ್ಲಿ ಬ್ರೆಡ್ಡಿನ ಹಿಟ್ಟಿಗೆ ಬಿ1 ಸೇರಿಸೋದು ಕಡ್ಡಾಯ ಆಯ್ತು, ಆಮೇಲೆ ಇಂಥ ಮೆದುಳುಗಳು ಕಡಿಮೆ ಆದದ್ದು ಕಂಡಿತು. ಅದಕ್ಕೂ ಮೊದ್ಲು, 1978ರಲ್ಲಿ, ಅಮೆರಿಕದ ಇಬ್ಬರು ಲೆಕ್ಕ ಹಾಕಿ ಸಾರಾಯಿಗೇ ಬಿ1 ಬೆರೆಸಿಬಿಡೋಣ ಅಂತ ಬರೆದಿದ್ರು. ನಗು ಬರ್ತದೆ, ಆದ್ರೆ ಉಪ್ಪಿಗೆ ಅಯೋಡಿನ್ ಬೆರೆಸಿದವರು ನಾವು, ಯೋಚನೆ ಮಾಡಿದ್ರೆ ಹುಚ್ಚಲ್ಲ. ನಮ್ಮ ರಾಜ್ಯದಲ್ಲಿ 2007ರ ಜುಲೈ 1ಕ್ಕೆ ಸಾರಾಯಿ ಬಂದ್ ಆಯ್ತು, ಮಾವನಂಥವರು ಮರುದಿನದಿಂದ ವಿಸ್ಕಿ ಪ್ಯಾಕೆಟ್ಟಿಗೆ ಹೋದ್ರು. ಏನು ಬಂದ್ ಮಾಡೋದು ಅನ್ನೋ ಚರ್ಚೆ ನಮ್ಮಲ್ಲಿ ಎಷ್ಟು ಜೋರೋ, ಕುಡಿದವನ ತಟ್ಟೆಗೆ ಏನು ಬಿತ್ತು ಅನ್ನೋ ಚರ್ಚೆ ಅಷ್ಟೇ ಕಡಿಮೆ.

ಮೀಟಿಂಗ್ ಮುಗಿದ ವರ್ಷ ನಾನು ಒಂದು ಧೈರ್ಯ ಮಾಡಿದೆ. ರಜೆಗೆ ಊರಿಗೆ ಹೋದಾಗ ಆ ಸಣ್ಣ ಕ್ಲಿನಿಕ್ಕಿಗೆ ಹೋಗಿ, ಹಳೇ ಡಾಕ್ಟರ್ ಬಿಟ್ಟು ಹೋಗಿದ್ರು, ಹೊಸಬರು ಇದ್ರು, ಅವರಿಗೆ ಇಷ್ಟೂ ಕಥೆ ಹೇಳಿದೆ. ಬೈಸ್ಕೊಳ್ಳೋ ತಯಾರಿಯಲ್ಲೇ ಹೋಗಿದ್ದೆ. ಅವರು ಕೇಳಿ, ಒಳಗಿಂದ ಒಂದು ಟ್ರೇ ತಂದು ತೋರಿಸಿದ್ರು, ಥಯಾಮಿನ್ ಆಂಪ್ಯೂಲುಗಳು. "ನಾನು ಕುಡಿದು ವಾಂತಿ ಅಂತ ಬಂದವರಿಗೆ ಮೊದ್ಲು ಇದನ್ನೇ ಕೊಡ್ತೇನೆ, ಆದ್ರೆ ಜನ ಏನಂತಾರೆ ಗೊತ್ತಾ, ಈ ಡಾಕ್ಟ್ರು ಬಾಟ್ಲಿ ಹಾಕೋಕೆ ತಡ ಮಾಡ್ತ್ರು ಅಂತಾರೆ" ಅಂದ್ರು.

ಹೋದ ಮಳೆಗಾಲ ಸದಾಶಿವಗಡಕ್ಕೆ ಹೋದಾಗ ಮಾವ ಜಗಲಿ ಮೇಲೆ ಕೂತಿದ್ದ. 2024ರ ಆಗಸ್ಟ್ 6 ಕಳೆದು 7 ಹುಟ್ಟೋ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಕುಸಿದು ಬಿದ್ದದ್ದು ಮಾವನಿಗೆ ಇವತ್ತಿಗೂ ಹೊಸ ಸುದ್ದಿ, ಯಾರಾದ್ರೂ ಹೇಳಿದಾಗೆಲ್ಲ ಎದೆ ಮೇಲೆ ಕೈ ಇಟ್ಕೊಂಡು "ಹೌದಾ! ಲಾರಿ ಇತ್ತಾ ಮೇಲೆ? ಜನಕ್ಕೆ ಎಂತ ಆಯ್ತು?" ಅಂತ ಗಾಬರಿ ಆಗ್ತಾನೆ, ಡ್ರೈವರ್ ಬದುಕಿದ ಅಂದ್ರೆ ಸಮಾಧಾನ ಆಗ್ತದೆ, ಅರ್ಧ ತಾಸಿಗೆ ಮತ್ತೆ ಸೇತುವೆ ನಿಂತಿರ್ತದೆ. ಅತ್ತೆ ಈಗ ಆ ಸುದ್ದಿ ಯಾರೂ ಹೇಳ್ಬಾರ್ದು ಅಂತ ಕಟ್ಟುನಿಟ್ಟು ಮಾಡಿದ್ದಾಳೆ. ಅವತ್ತು ಕುಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ ತಂದಿಟ್ಲು. ಮಾವ ಪೂರ್ತಿ ಉಂಡ.

"ಎಂತಾ ತಂಗಿ, ಯಾವಾಗ ಬಂದ್ಯೆ?" ಅಂದ, ಅದು ನಾಲ್ಕನೇ ಸಲ.

ಈಗಷ್ಟೇ ಬಂದೆ ಮಾವ, ಬೆಂಗಳೂರಲ್ಲಿ ಮೀಟಿಂಗಿತ್ತು ಅಂದೆ. ಯಾಕೆ ಹಾಗಂದೆನೋ ಏನೋ, ಆ ಮೀಟಿಂಗ್ ಆಗಿ ಎಷ್ಟೋ ಕಾಲ ಆಗಿತ್ತು. ದೊಡ್ಡ ದೊಡ್ಡ ಡಾಕ್ಟ್ರು ಬಂದಿದ್ರು, ಕುಡಿದ್ರೆ ಮೆದುಳಿಗೆ ಎಂತಾಗ್ತದೆ ಅಂತ ಎರಡು ದಿನ ಮಾತಾಡಿದ್ರು ಅಂದೆ.

ಮಾವ ಗಂಜಿ ತಟ್ಟೆ ಪಕ್ಕಕ್ಕಿಟ್ಟು ಕೈ ಒರೆಸ್ಕೊಂಡ. "ಗೊತ್ತಿದ್ದೆ. ನಾನೂ ಇದ್ನಲ್ಲೇ ಅಲ್ಲಿ, ಹಿಂದಿನ ಸಾಲಲ್ಲಿ. ನೀನು ನೋಡೂಕಿಲ್ಲ ನನ್ನ. ಊಟ ಚೊಲೋ ಇತ್ತು, ಮೀನೊಂದು ತಾಜಾ ಇರ್ಲಿಲ್ಲ."